ಡಯಲಿಗೆ ಅಂಟಿಸಿದ ಕರಿ ಟೇಪು

ಇಪ್ಪತ್ತೆಂಟು ವರ್ಷ ಫೋಟೋ ತೆಗೆದು ಹೊಟ್ಟೆ ಹೊರೆದವಳು ನಾನು. ನನ್ನ ಮನೆಯಲ್ಲಿ ನಾನು ತೆಗೆದ ಒಂದೇ ಒಂದು ಫೋಟೋ ಇಲ್ಲ ಅಂದರೆ ಯಾರೂ ನಂಬುವುದಿಲ್ಲ. ನಂಬದಿದ್ದರೆ ಬಿಡಲಿ.

ನನ್ನ ಕೆಲಸವೇ ಅಂಥದ್ದು. ಆರ್.ಟಿ. ನಗರದಲ್ಲಿ ಸಣ್ಣದೊಂದು ಸ್ಟುಡಿಯೋ ಇದೆ. ಪಾಸ್‌ಪೋರ್ಟ್ ಫೋಟೋಗಳಿಂದ ಬರುವುದು ಅಂಗಡಿ ಬಾಡಿಗೆಗೆ ಸರಿಹೋಗುತ್ತದೆ. ಮನೆ ನಡೆಯುವುದು ಮದುವೆಗಳಿಂದ, ಅದರಲ್ಲೂ ಮುಸ್ಲಿಂ ಮದುವೆಗಳ ಹೆಂಗಸರ ಹಾಲಿನಿಂದ. ಆ ಕಡೆಗೆ ಗಂಡಸರು ಕ್ಯಾಮೆರಾ ಹಿಡಿದು ಬರುವ ಹಾಗಿಲ್ಲ. ಹಾಗಾಗಿ ಹೆಬ್ಬಾಳದಿಂದ ಯಲಹಂಕದವರೆಗೆ ಎಷ್ಟೋ ಮನೆಗಳವರು ತಾಯಿಯ ಮದುವೆಗೂ ನನ್ನನ್ನೇ ಕರೆದಿದ್ದಾರೆ, ಇಪ್ಪತ್ತು ವರ್ಷ ಬಿಟ್ಟು ಮಗಳ ಮದುವೆಗೂ ನನ್ನನ್ನೇ ಕರೆದಿದ್ದಾರೆ. ಅಲ್ಲಿ ಒಂದು ಕಟ್ಟುಪಾಡಿದೆ. ಕೆಲಸ ಮುಗಿದ ಮೇಲೆ ಬಾಗಿಲ ಹತ್ತಿರ ಹುಡುಗಿಯ ತಾಯಿಯ ಎದುರಿಗೇ ಕ್ಯಾಮೆರಾದಿಂದ ರೀಲು, ಈಗಾದರೆ ಮೆಮೊರಿ ಕಾರ್ಡು, ತೆಗೆದು ಅವರ ಕೈಗೆ ಇಟ್ಟು ಬರಬೇಕು. ಆಲ್ಬಮ್ ಮಾಡಿಸುವುದು, ಬಿಡುವುದು ಅವರಿಗೆ ಸೇರಿದ್ದು. ಒಂದು ಪ್ರತಿಯೂ ನನ್ನಲ್ಲಿ ಉಳಿಯಬಾರದು. ಬೇರೆ ಮದುವೆಗಳಲ್ಲೂ ನಾನು ಇದೇ ರೂಢಿ ಇಟ್ಟುಕೊಂಡೆ. ಒಂದು ದಿನವೂ ನಾನು ಅದನ್ನು ಮುರಿದಿಲ್ಲ, ಅದಕ್ಕೇ ಇವತ್ತಿಗೂ ಕರೆಯುತ್ತಾರೆ.

ಇದರಲ್ಲಿ ನನಗೆ ಯಾವತ್ತೂ ಕೊರಗು ಇರಲಿಲ್ಲ, ಮೂರು ತಿಂಗಳ ಹಿಂದಿನ ತನಕ. ಸಂಜಯನಗರದ ನಮ್ಮ ಮನೆಯ ಹತ್ತಿರದ ಸಮುದಾಯ ಭವನದಲ್ಲಿ ಫೋಟೋ ಪ್ರದರ್ಶನ ಮಾಡುತ್ತೇವೆ ಎಂದು ಒಂದು ಚೀಟಿ ಅಂಟಿಸಿದ್ದರು. ಹಕ್ಕಿ, ಪ್ರಾಣಿ, ಕೆರೆ, ಬೆಟ್ಟ, ಯಾರು ಬೇಕಾದರೂ ಕೊಡಬಹುದು ಎಂದಿತ್ತು. ಭಾನುವಾರ ಬೆಳಗ್ಗೆ ತೋಳುದ್ದದ ಲೆನ್ಸ್ ಹೊತ್ತುಕೊಂಡು ಹೆಬ್ಬಾಳ ಕೆರೆ ಸುತ್ತುವ ಒಂದು ಗುಂಪಿನವರ ಕೆಲಸ ಅದು. ಗುಂಪಿನ ಹಿರಿಯರು ನಿವೃತ್ತ ಎಂಜಿನಿಯರ್. ಎಲ್ಲರೂ ಅವರನ್ನು ಸರ್ ಅನ್ನುತ್ತಿದ್ದರು, ನಾನೂ ಹಾಗೇ ಅಂದೆ. ನಾನೂ ಒಂದು ಫೋಟೋ ಕೊಡಬಹುದಾ ಎಂದು ಕೇಳಿದೆ. ಅವರು ಒಳ್ಳೆಯ ಮನುಷ್ಯರೇ. ಇದುವರೆಗೆ ತೆಗೆದದ್ದು ಏನಾದರೂ ತೋರಿಸಿ ಮೇಡಂ ಎಂದರು. ತೋರಿಸಲು ನನ್ನ ಹತ್ತಿರ ಏನಿತ್ತು? ಮದುವೆ ಫೋಟೋ ತೆಗೆಯುತ್ತೇನೆ ಎಂದೆ.

"ಓ, ಮದುವೇನಾ," ಎಂದರು ಅವರು. "ಅದು ಬೇರೆ, ಇದು ಬೇರೆ ಮೇಡಂ. ಹಕ್ಕಿ ನಿಮಗೋಸ್ಕರ ನಿಂತ್ಕೊಳ್ಳಲ್ಲ."

ಬೇಕೆಂದು ಚುಚ್ಚಿದ ಮಾತಲ್ಲ ಅದು. ಆದರೆ ನನಗೆ ಮೈಯೆಲ್ಲ ಉರಿದುಹೋಯಿತು. ಮೊದಲೇ ನನಗೆ ಕೋಪ ಮೂಗಿನ ತುದಿಯಲ್ಲಿ. ನಾನೂರು ಹೆಂಗಸರು ಒಬ್ಬರ ಮೇಲೊಬ್ಬರು ಬೀಳುವ ಹಾಲಿನಲ್ಲಿ, ಮಕ್ಕಳು ಕಾಲಿಗೆ ಸಿಕ್ಕಿಕೊಳ್ಳುವಾಗ, ಬಿರಿಯಾನಿ ತಟ್ಟೆಗಳು ತಲೆಯ ಮೇಲೆ ಹಾದುಹೋಗುವಾಗ ಫೋಟೋ ತೆಗೆದು ಬಂದವಳಿಗೆ ಹಕ್ಕಿ ಏನು ಮಹಾ? ತಿಂಗಳ ಕೊನೆಯ ಭಾನುವಾರದೊಳಗೆ ಒಂದು ಹಕ್ಕಿಯ ಫೋಟೋ ತರುತ್ತೇನೆ, ಚೆನ್ನಾಗಿದ್ದರೆ ಹಾಕಿ, ಇಲ್ಲದಿದ್ದರೆ ಬೇಡ ಎಂದು ಹೇಳಿ ಬಂದೆ. ಮನೆಗೆ ಬರುವಷ್ಟರಲ್ಲಿ ವಿಷಯ ನನಗೇ ಸ್ಪಷ್ಟವಾಗಿತ್ತು. ನನ್ನ ಹೆಸರು ಬರೆದ ಒಂದು ಫೋಟೋ ಒಂದು ಗೋಡೆಯ ಮೇಲೆ ಇರಬೇಕು. ಒಂದೇ ಸಾಕು. ಇಲ್ಲದಿದ್ದರೆ ನಾಳೆ ನಾನು ಸತ್ತರೆ ಇವಳು ಏನು ತೆಗೆದಳು ಎಂದು ಯಾರಾದರೂ ಕೇಳಿದರೆ ತೋರಿಸಲು ಏನೂ ಇರುವುದಿಲ್ಲ.

ನಮ್ಮ ಯಜಮಾನರು ಕಾರ್ಖಾನೆಯಿಂದ ನಿವೃತ್ತರಾಗಿ ಮನೆಯಲ್ಲಿದ್ದಾರೆ. ಕೇಳಿ ನಕ್ಕರು. ಹಕ್ಕಿಗೂ ಗಲ್ಲ ಎತ್ತು, ಭುಜ ಇಳಿಸು ಅಂತ ಹೇಳ್ತೀಯೇನೇ ಎಂದು ರೇಗಿಸಿದರು. ನಾನು ಎದ್ದು ಹೋಗಿ ಕುಕ್ಕರ್ ಇಟ್ಟೆ.

ಕ್ಯಾಮೆರಾ ಇತ್ತು, ಮದುವೆಯದ್ದೇ. ಲೆನ್ಸ್ ಬೇಕಿತ್ತು. ಗುಂಪಿನವರೆಲ್ಲ ದೊಡ್ಡ ಜೂಮ್ ಲೆನ್ಸ್ ಹೇಳಿದರು, ನೂರೈವತ್ತರಿಂದ ಆರುನೂರು ಮಿಲಿಮೀಟರಿನವರೆಗೆ ಹೋಗಿ ದೂರದ್ದನ್ನು ಹತ್ತಿರ ತರುವಂಥದ್ದು. ಹಳೇ ಕ್ಯಾಮೆರಾ ಮಾರುವ, ಕೊಳ್ಳುವ ಅಂಗಡಿಯೊಂದು ನನಗೆ ಮೊದಲಿನಿಂದ ಗೊತ್ತು. ಅಂಗಡಿಯ ಸಾಹೇಬರು ಆ ಜೂಮನ್ನು ನನ್ನ ಕೈಗಿಟ್ಟರು. ಎತ್ತಿ ಕಣ್ಣಿಗೆ ಹಿಡಿದು ಮನಸ್ಸಿನಲ್ಲೇ ನೂರು ಎಣಿಸಿದೆ. ಅರವತ್ತು ಬರುವಷ್ಟರಲ್ಲಿ ಮಣಿಕಟ್ಟು ನಡುಗಿತು. ಹಕ್ಕಿ ಹಾರುವ ಹೊತ್ತಿಗೆ ನನ್ನ ಕೈ ಸೋತಿದ್ದರೆ ಆರುನೂರು ಇದ್ದೇನು ಪ್ರಯೋಜನ? ಪಕ್ಕದಲ್ಲಿ ಹಳೆಯ ನಾನೂರರ ಲೆನ್ಸ್ ಒಂದಿತ್ತು. ಜೂಮ್ ಇಲ್ಲ, ಕೈ ನಡುಕ ತಡೆಯುವ ಸೌಲಭ್ಯವೂ ಇಲ್ಲ, ಅದಕ್ಕೇ ಯಾರೂ ಕೊಂಡಿರಲಿಲ್ಲ. ಅದನ್ನು ಹಿಡಿದು ನೂರು ಎಣಿಸಿದೆ, ಇನ್ನೂರು ಎಣಿಸಿದೆ. ಸಾಹೇಬರು ತಲೆ ಅಲ್ಲಾಡಿಸಿದರು. ಅಕ್ಕಾ, ಇದರಲ್ಲಿ ಕೈ ಸ್ವಲ್ಪ ಅಲುಗಿದ್ರೂ ಹೋಯ್ತು, ಬೇಡ ಎಂದರು. ಹಾರುವ ಹಕ್ಕಿಗೆ ಶಟರ್ ವೇಗವೇ ಬೇಕು, ಆ ವೇಗ ಇಟ್ಟರೆ ನನ್ನ ಕೈ ಅಲುಗಿದರೂ ಫೋಟೋ ಅಲುಗುವುದಿಲ್ಲ, ನೀವು ಕೊಡಿ ಎಂದು ಪಟ್ಟು ಹಿಡಿದೆ. ನನ್ನ ದೊಡ್ಡ ಛತ್ರಿ ಲೈಟುಗಳೆರಡನ್ನು ಅವರಿಗೆ ಕೊಟ್ಟು ಲೆನ್ಸ್ ತಂದೆ.

ಕ್ಯಾಮೆರಾ ಊರಲು ಒಂದು ಚೀಲ ಬೇಕಿತ್ತು. ಅದನ್ನು ಅಂಗಡಿಯಲ್ಲಿ ಕೊಳ್ಳಲು ನನಗೇನು ಹುಚ್ಚೇ? ಹಳೇ ದಿಂಬಿನ ಗವಸು ಕತ್ತರಿಸಿ ಹೊಲಿದು ರಾಗಿ ತುಂಬಿದೆ. ಮೊದಲ ದಿನ ಕೆರೆಯ ಕಟ್ಟೆಯ ಮೇಲೆ ಅದನ್ನಿಟ್ಟರೆ ಹೊಲಿಗೆ ಸಂದಿನಿಂದ ರಾಗಿ ಸುರಿದು, ಸುತ್ತ ಪಾರಿವಾಳಗಳು ಬಂದು ಕೂತವು. ನಾನು ಬಂದಿದ್ದು ಹೆಜ್ಜಾರ್ಲೆಗೆ, ಕೊಕ್ಕಿನ ಕೆಳಗೆ ಚೀಲವಿರುವ ಆ ದೊಡ್ಡ ಬಿಳಿ ಹಕ್ಕಿಗೆ. ಅದು ಕೆರೆಯ ಆ ತುದಿಯಲ್ಲಿ ಬೆನ್ನು ಮಾಡಿಕೊಂಡು ಕೂತಿತ್ತು.

ಆ ದಿನ ತೆಗೆದದ್ದರಲ್ಲಿ ಒಂದೂ ನೆಟ್ಟಗಿರಲಿಲ್ಲ. ಎಲ್ಲ ರೆಕ್ಕೆಯೂ ಕಲಸಿದ ಹಿಟ್ಟು. ಮನೆಗೆ ಬಂದು ನೋಡಿದರೆ ಶಟರ್ ಇನ್ನೂರರಲ್ಲೇ ಇದೆ! ಅಂಗಡಿಯಲ್ಲಿ ವೇಗದ ಬಗ್ಗೆ ಅಷ್ಟು ಭಾಷಣ ಮಾಡಿದವಳು ನಾನೇ. ಮದುವೆಯಲ್ಲಿ ಫ್ಲಾಶ್ ಹಾಕಿದರೆ ಸೆಕೆಂಡಿನ ಇನ್ನೂರನೇ ಒಂದು ಭಾಗ ದಾಟುವ ಹಾಗಿಲ್ಲ, ದಾಟಿದರೆ ಅರ್ಧ ಫೋಟೋ ಕಪ್ಪಾಗುತ್ತದೆ. ಇಪ್ಪತ್ತೆಂಟು ವರ್ಷದಲ್ಲಿ ನನ್ನ ಹೆಬ್ಬೆರಳು ಅಲ್ಲಿಂದ ಮೇಲೆ ಹೋದದ್ದೇ ಇಲ್ಲ. ನನಗೆ ನಾನೇ ಚೆನ್ನಾಗಿ ಬೈದುಕೊಂಡೆ. ಮುಂದಿನ ವಾರದಿಂದ ಶಟರ್ ಎರಡು ಸಾವಿರ, ಬೆಳಕು ಒಳಬಿಡುವ ಅಪರ್ಚರ್ ಪೂರ್ತಿ ತೆರೆದು ಐದೂವರೆಯ ಹತ್ತಿರ, ಬೆಳಕಿನ ಸೂಕ್ಷ್ಮತೆ ಏರಿಸಿಳಿಸುವ ಐಎಸ್‌ಒ ಮಾತ್ರ ಕ್ಯಾಮೆರಾ ತಾನೇ ನೋಡಿಕೊಳ್ಳಲಿ ಎಂದು ಆಟೋಗೆ ಬಿಟ್ಟೆ. ಐಎಸ್‌ಒ ಏರಿದರೆ ಫೋಟೋದಲ್ಲಿ ರವೆ ಉದುರಿದ ಹಾಗೆ ಕಾಣುತ್ತದೆ, ಮದುವೆ ಫೋಟೋದವರು ನಾವು ಅದಕ್ಕೆ ಹೆದರಿ ಸಾಯುತ್ತೇವೆ. ರವೆ ಇದ್ದರೂ ಕಣ್ಣು ಚೂಪಾಗಿದ್ದರೆ ಸಾಕು ಎಂದು ಧೈರ್ಯ ಮಾಡಿದೆ.

ನಡುವೆ ಸರ್ ಒಂದು ಸಲಹೆ ಕೊಟ್ಟರು. ಬೆಳಗಿನ ಕೆರೆಯ ನೋಟ ತೆಗೀರಿ ಮೇಡಂ, ಅದು ಓಡಿಹೋಗಲ್ಲ ಎಂದರು. ಸರಿ, ಅದನ್ನೂ ನೋಡಿದೆ. ಟ್ರೈಪಾಡ್ ಮೇಲೆ ಮದುವೆಯ ಅಗಲ ಲೆನ್ಸ್, ಅಪರ್ಚರ್ ಹನ್ನೊಂದು, ಐಎಸ್‌ಒ ನೂರು, ಬೆರಳು ತಾಗಿ ಅಲುಗದಿರಲಿ ಎಂದು ಎರಡು ಸೆಕೆಂಡಿನ ಟೈಮರ್. ನೀರಿನ ಮೇಲೆ ಮಂಜು, ಆಚೆ ಫ್ಲೈಓವರಿನಲ್ಲಿ ಏರ್‌ಪೋರ್ಟ್ ಬಸ್ಸುಗಳ ದೀಪ. ಫೋಟೋ ಚೆನ್ನಾಗಿಯೇ ಬಂತು, ಸುಳ್ಳು ಯಾಕೆ ಹೇಳಲಿ. ಆದರೆ ಅದನ್ನು ನೋಡಿದಾಗೆಲ್ಲ ಇಲ್ಲಿ ಯಾರನ್ನು ಕೂರಿಸಬೇಕು ಎಂದೇ ನನ್ನ ಕಣ್ಣು ಹುಡುಕುತ್ತಿತ್ತು. ನನಗೆ ಜೀವ ಬೇಕು. ಹಕ್ಕಿಯೇ ಆಗಬೇಕು ಎಂದು ತೀರ್ಮಾನಿಸಿದೆ.

ಮೂರನೇ ಭಾನುವಾರ ಒಂದು ಹೆಜ್ಜಾರ್ಲೆ ನನ್ನ ಕಡೆಗೇ ಹಾರಿ ಬಂತು. ರೆಕ್ಕೆ ಪೂರ್ತಿ ಬಿಚ್ಚಿ, ಕಾಲು ಮುಂದೆ ಮಾಡಿ, ನೀರಿನ ಮೇಲೆ ಜಾರಿ ಇಳಿಯಿತು. ನಾನು ಶಟರ್ ಗುಂಡಿಯಿಂದ ಬೆರಳು ಎತ್ತಲೇ ಇಲ್ಲ. ಸರ್ ಪಕ್ಕದಲ್ಲೇ ಇದ್ದರು. ಅವರ ಲ್ಯಾಪ್‌ಟಾಪಿನಲ್ಲಿ ಹಾಕಿ ನೋಡೋಣ ಎಂದರು, ಅಲ್ಲೇ ಕಲ್ಲು ಬೆಂಚಿನ ಮೇಲೆ ಕೂತು ನೋಡಿದೆವು. ಕಣ್ಣು ಸೂಜಿಯಂತೆ ಚೂಪಾಗಿತ್ತು, ಕೊಕ್ಕಿನಿಂದ ಹನಿಯುವ ನೀರೂ ಬಂದಿತ್ತು. ನಾನು ಗೆದ್ದೆ ಅಂದುಕೊಂಡೆ. ಅವರು ರೆಕ್ಕೆಯನ್ನು ದೊಡ್ಡದು ಮಾಡಿದರು.

"ಗರಿ ಎಲ್ಲಿ ಮೇಡಂ?" ಎಂದು ಕೇಳಿದರು.

ಇರಲಿಲ್ಲ. ರೆಕ್ಕೆ ಇರುವ ಜಾಗದಲ್ಲಿ ಬರೀ ಬಿಳಿ ಕಾಗದ. ಕಂಪ್ಯೂಟರಿನಲ್ಲಿ ಸರಿಮಾಡಲಾಗದೇ ಎಂದೆ. ಕತ್ತಲಾಗಿದ್ದರೆ ಸ್ವಲ್ಪ ಎತ್ತಬಹುದು, ಬಿಳಿ ಸುಟ್ಟುಹೋದರೆ ಅಲ್ಲಿ ಏನೂ ಉಳಿದಿರುವುದಿಲ್ಲ, ಎಲ್ಲಿಂದ ತರೋದು ಎಂದರು. ಬಿಸಿಲು ಜಾಸ್ತಿ ಇತ್ತು ಎಂದು ನಾನು ವಾದ ಮಾಡಿದೆ. ಅವರು ತಮ್ಮ ಫೋಟೋ ತೋರಿಸಿದರು. ಅದೇ ಬಿಸಿಲು, ಅದೇ ಹಕ್ಕಿ, ಒಂದೊಂದು ಗರಿಯೂ ಎಣಿಸುವ ಹಾಗಿತ್ತು. ನಾನು ಚೀಲ ಎತ್ತಿಕೊಂಡು ಬಂದುಬಿಟ್ಟೆ.

ಮನೆಯಲ್ಲಿ ಕ್ಯಾಮೆರಾವನ್ನು ಮಡಿಲಲ್ಲಿಟ್ಟುಕೊಂಡು ಒಂದೊಂದೇ ಗುಂಡಿ ನೋಡುತ್ತ ಬಂದೆ. ಬಲಗಡೆ ಮೂಲೆಯಲ್ಲಿ ಒಂದು ಸಣ್ಣ ಡಯಲ್ ಇದೆ. ಸೊನ್ನೆಯಲ್ಲಿಟ್ಟರೆ ಕ್ಯಾಮೆರಾ ತನಗೆ ತೋಚಿದಷ್ಟು ಬೆಳಕು ತೆಗೆದುಕೊಳ್ಳುತ್ತದೆ, ಪ್ಲಸ್ ಮಾಡಿದರೆ ಎಲ್ಲ ಬೆಳ್ಳಗಾಗುತ್ತದೆ, ಮೈನಸ್ ಮಾಡಿದರೆ ಕಪ್ಪಾಗುತ್ತದೆ. ನನ್ನ ಡಯಲಿನ ಮೇಲೆ ಕರಿ ಟೇಪು ಅಂಟಿಸಿತ್ತು. ಟೇಪಿನ ಕೆಳಗೆ ಪ್ಲಸ್ ಒನ್. ಅಂಟಿಸಿದವಳು ನಾನೇ. ಹೊಸ ಕ್ಯಾಮೆರಾ ಬಂದಾಗಲೆಲ್ಲ ದೇವರ ಮುಂದಿಟ್ಟು, ಕುಂಕುಮ ಹಚ್ಚಿ, ಆಮೇಲೆ ಮಾಡುವ ಮೊದಲ ಕೆಲಸ ಅದು. ಡಯಲ್ ಪ್ಲಸ್ ಒನ್‌ಗೆ ತಿರುಗಿಸುವುದು, ನೂಕುನುಗ್ಗಲಿನಲ್ಲಿ ಜರುಗದಿರಲಿ ಎಂದು ಟೇಪು ಹಾಕುವುದು. ಎಷ್ಟು ಕ್ಯಾಮೆರಾ ಬದಲಾಯಿಸಿದರೂ ಇದು ಬದಲಾಗಲಿಲ್ಲ. ಟೇಪು ಇದೆ ಎನ್ನುವುದೇ ನನಗೆ ಮರೆತುಹೋಗಿತ್ತು.

ಯಾಕೆ ಅಂದರೆ ಹುಡುಗಿ ಬೆಳ್ಳಗೆ ಕಾಣಬೇಕು. ಪ್ರತಿ ಮದುವೆಯಲ್ಲೂ ನಾನು ಒಳಗೆ ಕಾಲಿಡುವ ಮೊದಲೇ ಯಾರಾದರೂ ಒಬ್ಬರು, ತಾಯಿಯೋ ಚಿಕ್ಕಮ್ಮನೋ, ನನ್ನನ್ನು ಪಕ್ಕಕ್ಕೆ ಕರೆದು ಕಿವಿಯಲ್ಲಿ ಹೇಳುತ್ತಿದ್ದರು, ಮುಖ ಸ್ವಲ್ಪ ಬೆಳ್ಳಗೆ ಬರೋ ಹಾಗೆ ನೋಡ್ಕೊಳ್ಳಿ ಎಂದು. ಇದಕ್ಕೆ ಜಾತಿ ಧರ್ಮ ಏನೂ ಇಲ್ಲ. ಒಕ್ಕಲಿಗರ ಮದುವೆಯಲ್ಲೂ ಇದೇ, ನಿಕಾಹ್‌ನಲ್ಲೂ ಇದೇ. ನನ್ನ ಮದುವೆಯಲ್ಲಿ ನಮ್ಮಮ್ಮನೂ ಫೋಟೋದವನಿಗೆ ಹೀಗೆಯೇ ಹೇಳಿದ್ದಳು. ಹೇಳಿಸಿಕೊಳ್ಳುವ ತನಕ ಯಾಕೆ ಕಾಯಬೇಕು ಎಂದು ನಾನು ಟೇಪೇ ಹಾಕಿಬಿಟ್ಟಿದ್ದೆ. ನನಗೆ ಆ ಹೊತ್ತಿನಲ್ಲಿ ನಾಚಿಕೆಯಾಯಿತು, ಹೇಳಿಕೊಳ್ಳಲು ಏನು. ಆದರೆ ನಾಚಿಕೆಪಡುತ್ತ ಕೂರಲು ಬಿಡುವಿರಲಿಲ್ಲ, ಉಳಿದಿದ್ದು ಒಂದು ವಾರ. ಟೇಪು ಕಿತ್ತೆ. ಅಂಟು ಉಳಿದಿತ್ತು, ಕೊಬ್ಬರಿ ಎಣ್ಣೆ ಹಚ್ಚಿ ಉಜ್ಜಿದೆ.

ಆ ವಾರ ಭಾನುವಾರಕ್ಕೆ ಕಾಯಲಿಲ್ಲ, ದಿನಾ ಬೆಳಗ್ಗೆ ಹೋದೆ. ಯಜಮಾನರು ತಾವೇ ಕಾಫಿ ಮಾಡಿ ಫ್ಲಾಸ್ಕಿಗೆ ತುಂಬಿ ಕೊಟ್ಟರು. ಮೊದಲ ಎರಡು ದಿನ ಬಿಳಿ ಹಕ್ಕಿ ಸರಿಯಾಗಿ ಬರುವಷ್ಟು ಡಯಲ್ ಇಳಿಸುವುದನ್ನೇ ಕಲಿತೆ. ಅರ್ಧ ಇಳಿಸಿದರೆ ಸಾಲದು, ಒಂದೂವರೆ ಇಳಿಸಿದರೆ ಗರಿ ಬೂದಿ ಬಣ್ಣ. ಮೈನಸ್ ಒನ್ ಸರಿಹೋಯಿತು. ಮೂರನೇ ದಿನ ಮೋಡ, ನಾಲ್ಕನೇ ದಿನ ಹಕ್ಕಿಯೇ ಇಲ್ಲ. ಐದನೇ ದಿನ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕೂತಿದ್ದೆ. ನೀರಿನಲ್ಲಿ ನಿಂತ ಒಣ ಕೊಂಬೆಯ ಮೇಲೆ ಒಂದು ನೀರುಕಾಗೆ ರೆಕ್ಕೆ ಹರಡಿ ಒಣಗಿಸಿಕೊಳ್ಳುತ್ತಿತ್ತು. ಎಲ್ಲಿಂದಲೋ ಬಂದ ಬೆಳ್ಳಕ್ಕಿ ಅದೇ ಕೊಂಬೆಯ ಮೇಲೆ ಇಳಿಯಲು ನೋಡಿತು. ಒಂದು ಕಪ್ಪು, ಒಂದು ಬಿಳಿ, ಎರಡರದ್ದೂ ರೆಕ್ಕೆ ಬಿಚ್ಚಿದೆ. ಫೋಟೋದವರಿಗೆ ಇದಕ್ಕಿಂತ ಕಷ್ಟದ ಜೋಡಿ ಬೇರೆ ಇಲ್ಲ. ಬಿಳಿ ಉಳಿಸಿಕೊಂಡು ಕಪ್ಪನ್ನು ಕಪ್ಪಾಗಿಯೇ ಬಿಡೋಣ ಎಂದು ಮೈನಸ್ ಒನ್‌ನಲ್ಲೇ ಇಟ್ಟು ಒತ್ತಿದೆ.

ಮನೆಯಲ್ಲಿ ನೋಡಿದಾಗ ಬೆಳ್ಳಕ್ಕಿಯ ಗರಿಗಳೆಲ್ಲ ಇದ್ದವು. ನನ್ನನ್ನು ಬೆರಗು ಮಾಡಿದ್ದು ಅದಲ್ಲ. ನೀರುಕಾಗೆಯ ಕಪ್ಪು ಬರೀ ಕಪ್ಪಾಗಿರಲಿಲ್ಲ. ಒಂದೊಂದು ಗರಿಯ ಅಂಚಿಗೂ ಕಂಚಿನ ಹೊಳಪಿತ್ತು, ಕುತ್ತಿಗೆಯಲ್ಲಿ ಹಸಿರು, ಕಣ್ಣು ಹಸಿರು ಮಣಿ. ಪ್ಲಸ್ ಒನ್‌ನಲ್ಲಿ ತೆಗೆದಿದ್ದರೆ ಇದೆಲ್ಲ ತೊಳೆದು ತೊಳೆದು ಮಾಸಿದ ಮಸಿ ಬಟ್ಟೆಯ ಬಣ್ಣಕ್ಕೆ ತಿರುಗುತ್ತಿತ್ತು. ಭಾನುವಾರ ಸರ್ ಫೋಟೋ ನೋಡಿದರು, ದೊಡ್ಡದು ಮಾಡಿದರು, ಇನ್ನೂ ದೊಡ್ಡದು ಮಾಡಿದರು. ಕೊನೆಗೆ, ಮೇಡಂ, ಹೆಸರು ಹೇಗೆ ಬರೆಯೋದು, ಕನ್ನಡದಲ್ಲಾ ಇಂಗ್ಲಿಷಲ್ಲಾ ಎಂದು ಕೇಳಿದರು. ಕನ್ನಡದಲ್ಲಿ, ದಪ್ಪ ಅಕ್ಷರದಲ್ಲಿ ಎಂದೆ.

ಭವನದ ಬಾಗಿಲು ದಾಟಿದ ಕೂಡಲೇ ಎಡಗಡೆಯ ಗೋಡೆ. ಅಲ್ಲಿ ಹಾಕಿದ್ದರು. ನಾನು ಒಳ್ಳೆಯ ಸೀರೆ ಉಟ್ಟು ಹೋಗಿ, ದೂರದಲ್ಲಿ ಕುರ್ಚಿ ಹಾಕಿಕೊಂಡು, ಯಾರು ಯಾರು ನಿಂತು ನೋಡುತ್ತಾರೆ ಎಂದು ಲೆಕ್ಕ ಹಾಕುತ್ತ ಕೂತೆ. ಖುಷಿಯಾಗಿತ್ತು, ಬಹಳ ಖುಷಿಯಾಗಿತ್ತು. ಮಧ್ಯಾಹ್ನದ ಹೊತ್ತಿಗೆ ಬುರ್ಖಾ ತೊಟ್ಟ ಒಬ್ಬ ಹೆಂಗಸು ಮಗಳ ಕೈ ಹಿಡಿದು ಬಂದಳು. ಫೋಟೋದ ಮುಂದೆ ಬಹಳ ಹೊತ್ತು ನಿಂತಳು. ಕೆಳಗಿನ ಹೆಸರು ಓದಿ ಸುತ್ತ ನೋಡಿ ನನ್ನನ್ನು ಕಂಡು ನೇರವಾಗಿ ಬಂದಳು. ಆಂಟಿ, ನೀವು ನನ್ನ ಮದುವೆಗೆ ಬಂದಿದ್ರಿ ಎಂದಳು. ನನಗೆ ಮುಖ ಗುರುತಾಗಲಿಲ್ಲ, ಮದುಮಗಳ ಅಲಂಕಾರ ಇಳಿಸಿದ ಮೇಲೆ ಗುರುತು ಹಿಡಿಯುವುದು ಕಷ್ಟ. ಆದರೆ ಅವಳ ಬಣ್ಣ ನೋಡಿದೆ. ಒಳ್ಳೆಯ ಕಡು ಕಂದು ಮುಖ, ಅದರ ಮೇಲೆ ಕಿಟಕಿಯ ಬೆಳಕು ಬಿದ್ದಿತ್ತು. ಹಕ್ಕಿ ಬಹಳ ಚೆನ್ನಾಗಿದೆ ಎಂದಳು, ಅದರಲ್ಲೂ ಆ ಕರೀದು. ಆಮೇಲೆ ಮಗಳ ತಲೆ ಸವರುತ್ತ ನಕ್ಕು ಹೇಳಿದಳು:

"ಇವಳು ನನ್ನ ಶಾದಿ ಆಲ್ಬಮ್ ತೆಗೆದು ನೋಡ್ತಾಳೆ ಆಂಟಿ. ಇದು ಯಾರು ಅಮ್ಮೀ ಅಂತ ಕೇಳ್ತಾಳೆ. ನಾನೇ ಅಂದ್ರೆ ನಂಬಲ್ಲ."

ಅವಳು ದೂರಲಿಲ್ಲ. ತಮಾಷೆಯಾಗಿಯೇ ಹೇಳಿದ್ದು. ನನಗೆ ಮಾತ್ರ ಮುಖಕ್ಕೆ ಹೊಡೆದ ಹಾಗಾಯಿತು. ಹೆಜ್ಜಾರ್ಲೆ ಸುಟ್ಟುಹೋದರೆ ಮುಂದಿನ ವಾರ ಇನ್ನೊಂದು ಹೆಜ್ಜಾರ್ಲೆ ಸಿಗುತ್ತದೆ. ಇವಳಿಗೆ ಎಲ್ಲಿಂದ ತಂದುಕೊಡಲಿ? ತಪ್ಪು ನನ್ನದು, ನಿನ್ನ ಬಣ್ಣ ನಾನೇ ಅಳಿಸಿದ್ದು ಎಂದು ಅವಳ ಕೈ ಹಿಡಿದು ಹೇಳಿಬಿಟ್ಟೆ. ಡಯಲಿನ ಕತೆಯನ್ನೂ ಹೇಳಿದೆ. ಅವಳು ನಗು ನಿಲ್ಲಿಸಿ ಕೇಳಿಸಿಕೊಂಡಳು.

"ನಮ್ಮ ಅಮ್ಮಿ ಹೇಳಿದ್ರು, ನೀವು ಮಾಡಿದ್ರಿ," ಎಂದಳು. "ನನ್ನನ್ನ ಯಾರೂ ಕೇಳ್ಲಿಲ್ಲ ಆಂಟಿ."

ಅವರು ಹೋದ ಮೇಲೆ ನಾನು ಗೋಡೆಯ ಕಡೆ ನೋಡಲಿಲ್ಲ. ದಪ್ಪ ಅಕ್ಷರದ ನನ್ನ ಹೆಸರನ್ನು ಓದುವ ಮನಸ್ಸಾಗಲಿಲ್ಲ.

ಅದಾದ ಮೇಲೆ ಮೂರು ಮದುವೆ ಮಾಡಿದ್ದೇನೆ. ಮೊದಲು ಹುಡುಗಿಯ ಪಕ್ಕ ಕೂತು, ನಿನ್ನ ಬಣ್ಣ ಹೇಗಿರಲಮ್ಮ ಎಂದು ಕೇಳುತ್ತೇನೆ. ಇಬ್ಬರು ಬೆಳ್ಳಗೇ ಮಾಡಿ ಆಂಟಿ ಎಂದರು, ಮಾಡಿಕೊಟ್ಟೆ. ಮುಖ ಅವರದು. ಹೋದ ವಾರ ಯಲಹಂಕದ ಕಡೆ ಮೂರನೆಯವಳು, ನಾನು ಇರೋ ಹಾಗೇ ಎಂದಳು. ಅಷ್ಟರಲ್ಲಿ ಅವಳ ತಾಯಿ ನನ್ನ ಮೊಣಕೈ ಹಿಡಿದು ಪಕ್ಕಕ್ಕೆ ಎಳೆದು, ನಾನು ಬಾಗಿಲಲ್ಲೇ ಹೇಳಿದ್ದೆನಲ್ಲ, ಬೆಳ್ಳಗೆ ಬರಬೇಕು, ಗಂಡಿನ ಮನೆಯವರು ನೋಡ್ತಾರೆ ಎಂದರು.

"ನಿಮ್ಮ ಮಗಳನ್ನ ಕೇಳಿದೀನಮ್ಮ," ಎಂದೆ ನಾನು. "ಅವಳು ಹೇಳಿದ ಹಾಗೇ ತೆಗೆಯೋದು. ಬೇಡ ಅಂದ್ರೆ ಈಗ್ಲೇ ಚೀಲ ಎತ್ಕೊಂಡು ಹೋಗ್ತೀನಿ."

ತಾಯಿಯ ಮುಖ ಕೆಂಪಾಯಿತು. ಸುತ್ತ ಇದ್ದ ಹೆಂಗಸರು ನಮ್ಮಿಬ್ಬರನ್ನೇ ನೋಡತೊಡಗಿದರು. ನಾನು ಚೀಲ ಎತ್ತಿ ಹೆಗಲಿಗೆ ಹಾಕಿಕೊಂಡೆ. ಹೂವಿನ ಪರದೆಯ ಹಿಂದೆ ಕೂತಿದ್ದ ಹುಡುಗಿ ಅದನ್ನು ಕೈಯಲ್ಲಿ ಸರಿಸಿ, ಆಂಟಿ, ಬನ್ನಿ ಎಂದು ಕರೆದಳು. ನಾನು ಹೋದೆ.